ಶೆಟ್ಟರ ರಾಮಕೋಟಿ ಮತ್ತು ಬ್ಯಾಕಪ್ ಯಂತ್ರ

ತುಮಕೂರಿನಲ್ಲಿ ವಿಠ್ಠೋಬ ಶೆಟ್ಟರ ಎಣ್ಣೆ ಕಂಪನಿ ಬಲು ದೊಡ್ಡದು. ಅಲ್ಲಿನ ಕಂಪ್ಯೂಟರುಗಳಲ್ಲಿ ಇದ್ದುದಕ್ಕೆಲ್ಲ ಬ್ಯಾಕಪ್ ಇಡುವ ಯಂತ್ರವೊಂದು ಬೇಕಾಗಿತ್ತು. ಮಾರಲು ಬಂದ ದಿಲೀಪ್ ಸಾಹೇಬರು ಎದೆಯುಬ್ಬಿಸಿ, "ಒಂದೇ ವಿಷಯ ಎಷ್ಟು ಸಲ ಬಂದರೂ ನಮ್ಮ ಯಂತ್ರ ಒಂದೇ ಸಲ ಇಟ್ಟುಕೊಳ್ಳುತ್ತೆ. ಜಾಗ ಉಳೀತಲ್ಲ!" ಎಂದರು.

"ಇಟ್ಟದ್ದನ್ನು ಒಮ್ಮೆ ವಾಪಸ್ ತೆಗೆದು ತೋರಿಸಿ, ಸ್ವಾಮಿ" ಎಂದ ಶೆಟ್ಟರ ಗುಮಾಸ್ತ.

"ನಮ್ಮ ಕಂಪನಿಯನ್ನೇ ಪರೀಕ್ಷೆ ಮಾಡ್ತೀರಾ?"

ಶೆಟ್ಟರಿಗೂ ಸಿಟ್ಟು ಬಂತು. "ಏನಯ್ಯಾ, ದೊಡ್ಡವರನ್ನು ಕಾಯಿಸ್ತೀಯಲ್ಲ! ಎಲ್ಲ ನೋಡಿದ್ದೀನಿ, ಸರಿಯಿದೆ ಅಂತ ಸಹಿ ಹಾಕು."

ನಾಳೆ ಏನಾದರೂ ಕಳೆದರೆ ಕೆಲಸ ಹೋಗುವುದು ಸಹಿ ಹಾಕಿದವನದು. ಗುಮಾಸ್ತ ಕೈಮುಗಿದ. "ಆಗಲಿ, ಯಜಮಾನರೇ. ಮೊದಲು ತಮ್ಮ ರಾಮಕೋಟಿಯನ್ನೇ ಇದಕ್ಕೆ ಹಾಕಿಬಿಡೋಣ."

ಶೆಟ್ಟರು ದಿನಾ ಬೆಳಿಗ್ಗೆ ಮಡಿಯಲ್ಲಿ ಕೂತು, ಕಂಪ್ಯೂಟರಿನಲ್ಲಿ 'ಶ್ರೀರಾಮ' ಎಂದು ಒಂದೊಂದಾಗಿ ಒತ್ತಿ, ಕೋಟಿ ತುಂಬಿಸುವ ವ್ರತ ಹಿಡಿದಿದ್ದರು.

ದಿಲೀಪ್ ಹಿಗ್ಗಿಹೋದರು. "ಅದಕ್ಕಂತೂ ಹೇಳಿ ಮಾಡಿಸಿದ್ದು! ಅಷ್ಟೂ ಹೋಗಿ ಒಂದೇ ರಾಮ ಉಳೀತಾನೆ!"

ಶೆಟ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಒಂದೇನಾ? ಇಷ್ಟು ವರ್ಷದ ನನ್ನ ಪುಣ್ಯ?"

"ಕೇಳಿದಾಗ ಎಲ್ಲ ವಾಪಸ್ ಬರುತ್ತೆ, ಶೆಟ್ರೇ!"

"ಹಾಗಾದರೆ ಈಗಲೇ ಕೇಳ್ತೀನಿ. ಒಂದು ರಾಮ ಕಡಿಮೆ ಬಂದರೂ ಯಂತ್ರ ಹೊರಗೆ!"

ರಾಮಕೋಟಿಯ ಒಂದು ಪ್ರತಿಯನ್ನು ಯಂತ್ರ ಕ್ಷಣದಲ್ಲಿ ನುಂಗಿತು. ವಾಪಸ್ ಕೇಳಿದರೆ ಗುಂಯ್‌ಗುಟ್ಟುತ್ತ ಕೂತಿತು, ಏನನ್ನೂ ಕೊಡಲಿಲ್ಲ. ದಿಲೀಪ್ ಬೆವರು ಒರೆಸಿಕೊಂಡು, "ಅಯ್ಯೋ ರಾಮ!" ಎಂದರು.

ಗುಮಾಸ್ತ ವಿನಯದಿಂದ ಬಗ್ಗಿ ಕೇಳಿದ: "ಈ ರಾಮನನ್ನೂ ಒಳಗೆ ಹಾಕೋಣವೇ, ಸ್ವಾಮಿ? ಹೇಗೂ ಬೇರೆ ಜಾಗ ಬೇಡವಲ್ಲ."