ಫ್ರೆಂಚಿನಲ್ಲಿ ಕೇಳಿದ ಮಾತು

ಹೆಂಡತಿ ತೀರಿಕೊಂಡ ಮೇಲೆ, ಮಗು ಅತ್ತೀತೆಂದು ವಕೀಲ ಚಂದ್ರಮೌಳಿಯವರು ಮನೆಯಲ್ಲಿ ಅವಳ ಮಾತೇ ಎತ್ತಗೊಡಲಿಲ್ಲ. ಮಗಳು ಇಂಪನಾ ಮಂಕಾದಳು. ಅವಳ ಮನಸ್ಸು ಬೇರೆಡೆ ಹರಿಯಲೆಂದು ವಕೀಲರು ಮೊಬೈಲಿಗೆ ಫ್ರೆಂಚ್ ಕಲಿಸುವ ಆ್ಯಪ್ ಹಾಕಿಸಿ, ಅಡುಗೆಯ ಪುಟ್ಟತಾಯಮ್ಮನಿಗೆ ಅಪ್ಪಣೆ ಮಾಡಿದರು: “ಭಾನುವಾರ ಇವಳು ನನ್ನೆದುರು ಫ್ರೆಂಚ್ ಮಾತಾಡಬೇಕು. ಇಲ್ಲದಿದ್ದರೆ ನಿನಗೆ ಕೆಲಸವಿಲ್ಲ.”

ಪುಟ್ಟತಾಯಮ್ಮ ಮಗುವಿಗೆ ಹೇಳಿದಳು: “ಅಪ್ಪನ್ನ ಏನು ಕೇಳಬೇಕು ಅಂತಿದೆಯೋ ಅದನ್ನ ಮೊಬೈಲಿಗೆ ಕನ್ನಡದಲ್ಲೇ ಹೇಳವ್ವ. ಅದು ಫ್ರೆಂಚಲ್ಲಿ ಹೇಳಿಕೊಡುತ್ತೆ.”

ಭಾನುವಾರ ಇಂಪನಾ ತಡವರಿಸದೆ ಫ್ರೆಂಚಿನಲ್ಲಿ ಮಾತಾಡಿದಳು. ವಕೀಲರು ಹಿಗ್ಗಿದರು. “ಭೇಷ್! ಹಾಗಂದರೇನು?”

“ನನಗೇನು ಗೊತ್ತು ಬುದ್ಧಿ? ಮೊಬೈಲನ್ನೇ ಕೇಳಿ,” ಎಂದಳು ಪುಟ್ಟತಾಯಮ್ಮ.

ಮೊಬೈಲು ಕನ್ನಡದಲ್ಲಿ ಹೇಳಿತು: “ಅಪ್ಪಾ, ಅಮ್ಮ ಹೇಗೆ ನಗುತ್ತಿದ್ದಳು? ನನಗೆ ಮರೆತುಹೋಗುತ್ತಿದೆ.”

ವಕೀಲರು ಪುಟ್ಟತಾಯಮ್ಮನನ್ನು ಗದರಲು ಬಾಯಿ ತೆರೆದವರು, ಮಗಳನ್ನು ಮಡಿಲಿಗೆ ಎಳೆದುಕೊಂಡರು.

“ಜೋರಾಗಿ ನಕ್ಕರೆ ಅವಳಿಗೆ ಬಿಕ್ಕಳಿಕೆ ಬರೋದು, ಪುಟ್ಟಾ,” ಎಂದವರು ಅತ್ತುಬಿಟ್ಟರು.