ಹಳ್ಳದ ಫೋಟೋ ತೆಗೆದ ಅಡಿವೆಪ್ಪ

ಭಾಳ ಹಿಂದಿನ ಮಾತು. ಯಾವ ಇಸವಿ ಅಂತ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಮಲಪ್ರಭೆ ದಂಡೆಯ ಒಂದೂರಲ್ಲಿ ಅಡಿವೆಪ್ಪ ಅಂತ ಒಬ್ಬ ಫೋಟೋದವನಿದ್ದ. ಮದುವೆ ಮನೆಯಲ್ಲಿ ಮದುಮಕ್ಕಳದ್ದು, ತೊಟ್ಟಿಲ ಮನೆಯಲ್ಲಿ ಕೂಸಿನದ್ದು, ಸಾವಿನ ಮನೆಯಲ್ಲಿ ಕೂರಿಸಿದ ಹೆಣದ್ದು, ಸುತ್ತ ಹತ್ತೂರಿನ ಮುಖಗಳನ್ನೆಲ್ಲ ತೆಗೆದವನು ಅವನೇ. ಮೂರು ಕಾಲಿನ ಮೇಲೆ ನಿಲ್ಲುವ ಮರದ ಡಬ್ಬಿ ಕ್ಯಾಮೆರಾ, ಮೇಲೊಂದು ಕರಿ ಬಟ್ಟೆ. ಒಂದು ಚಿತ್ರಕ್ಕೆ ಒಂದು ಗಾಜಿನ ಹಲಗೆ ಬೇಕು. ಕೈಜಾರಿದರೆ ಹಲಗೆಯೂ ಹೋಯಿತು, ಚಿತ್ರವೂ ಹೋಯಿತು.

ಅವನ ತಾಯಿ ನೀಲವ್ವ. ಶಿವ ಇರೋ ಹಿಮದ ಬೆಟ್ಟವನ್ನು ಒಮ್ಮೆ ನೋಡಬೇಕು ಅನ್ನೋದು ಆಕೆಯ ಆಸೆ. ಕಾಲು ಬಿದ್ದು ಹೋಗಿದ್ದವು, ಹೋಗೋದೆಲ್ಲಿಂದ? ಒಂದು ದಿನ ಮಗನನ್ನು ಕೂರಿಸಿಕೊಂಡು ಅಂದಳಂತೆ, “ಊರ ಮಂದಿ ಮಾರಿ ಎಲ್ಲಾ ತಗದಿ. ಆ ಬೆಟ್ಟದ ಮಾರಿ ಒಂದು ತಗದು ತಂದು ತೋರಿಸಪಾ.”

“ತರ್ತೀನಿ ಯವ್ವಾ,” ಅಂದ ಅಡಿವೆಪ್ಪ.

ತಾಯಿಯನ್ನು ತಂಗಿಯ ಮನೆಯಲ್ಲಿ ಬಿಟ್ಟು, ಎರಡು ಡಜನ್ ಗಾಜಿನ ಹಲಗೆಗಳನ್ನು ಹತ್ತಿಯಲ್ಲಿ ಸುತ್ತಿಕೊಂಡು ಹೊರಟ. ನಾಲ್ಕು ತಿಂಗಳು ನಡೆದ ಅಂತಾರೆ. ವರುಷ ನಡೆದ ಅಂತಲೂ ಅಂತಾರೆ. ನಡೆದು ನಡೆದು, ಬಿಸೋಲಿ ಅನ್ನೋ ಬೆಟ್ಟದೂರು ಮುಟ್ಟಿದ. ಊರ ತಲೆಯ ಮೇಲೆ ದೇವದಾರು ಕಾಡು, ಕಾಡಿನ ಮೇಲೆ ಆ ಹಿಮದ ಬೆಟ್ಟ. ಬೆಟ್ಟದಿಂದ ಮೂರು ಹಳ್ಳ ಹುಟ್ಟಿ, ಕಾಡಿನೊಳಗೆ ಹರಿದು ಬಂದು, ಊರ ಬಗಲಲ್ಲಿ ಒಂದಾಗುತ್ತಿದ್ದವು. ಅಲ್ಲಿ ಬಚುಲಿ ಅನ್ನೋ ಮುದುಕಿ ನೀರಿನಿಂದ ತಿರುಗುವ ಬೀಸುಕಲ್ಲು ನಡೆಸುತ್ತಿದ್ದಳು. ಪರದೇಶಿಗೆ ತನ್ನ ಬೀಸುಕಲ್ಲಿನ ಮನೆಯ ಒಂದು ಮೂಲೆ ಕೊಟ್ಟಳು.

ಬೆಟ್ಟವೇನೋ ಎದುರಿಗೇ ಇತ್ತು. ಆದರೆ ಮುಖ ಕೊಡಲಿಲ್ಲ. ಇವನು ಊರ ಮೇಲಿನ ಹರವಾದ ದೊಡ್ಡ ಬಂಡೆ ಹತ್ತಿ ಕರಿ ಬಟ್ಟೆ ಹೊದ್ದುಕೊಳ್ಳುವುದೇ ತಡ, ಮೋಡ ಬಂದು ಮುಚ್ಚಿಬಿಡುತ್ತಿತ್ತು. ಒಂದು ದಿನ, ಹತ್ತು ದಿನ, ಎರಡು ತಿಂಗಳು. ಊರವರು ನಕ್ಕರು. ಅಡಿವೆಪ್ಪ ಮಾತ್ರ ದಿನಾ ಹತ್ತಿದ, ದಿನಾ ನಿಂತ. ಮುಖ ಸಿಗದಿದ್ದರೆ ಪಾದವಾದರೂ ಸಿಗಲಿ ಅಂತ, ಎಂಟು ದಿನಕ್ಕೊಮ್ಮೆ ಅದೇ ಬಂಡೆಯ ಮೇಲಿಂದ ಮೂರು ಹಳ್ಳಗಳ ಚಿತ್ರ ತೆಗೆದ. ಕಾಗದಕ್ಕೆ ಇಳಿಸಿದ ಚಿತ್ರಗಳನ್ನು ಬಚುಲಿಯ ಗೋಡೆಗೆ ಸಾಲಾಗಿ ಅಂಟಿಸಿದ.

ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಹೊಸ ಚಿತ್ರ ಅಂಟಿಸಿ ಹಿಂದೆ ಸರಿದು ನೋಡಿದ. ಹಳೆಯ ಚಿತ್ರಗಳಲ್ಲಿ ಮೂರು ಬಿಳಿ ಗೆರೆ. ಹೊಸದರಲ್ಲಿ ಎರಡೇ. ನಡುವಿನ ಹಳ್ಳ ಕಾಡಿನ ಅರ್ಧಕ್ಕೆ ಬಂದು ನಿಂತುಬಿಟ್ಟಿತ್ತು. ನಿಂತಲ್ಲಿ ಉಗುರಿನಷ್ಟು ಹೊಳಪು.

ಊರ ಪ್ರಧಾನ ಖೀಮ್ ಸಿಂಗ್, ನಮ್ಮ ಕಡೆ ಗೌಡ ಅಂತಾರಲ್ಲ, ಹಾಗೆ. ಅಡಿವೆಪ್ಪ ಅವನ ಬಳಿ ಓಡಿದ. ಗುಡ್ಡ ಕುಸಿದು ಹಳ್ಳಕ್ಕೆ ಅಡ್ಡ ಬಿದ್ದಿದೆ, ಮೇಲೆ ನೀರು ಕಟ್ಟಿಕೊಂಡಿದೆ, ಒಡೆದರೆ ಊರು ಉಳಿಯೋದಿಲ್ಲ, ಎಲ್ಲರೂ ಬಂಡೆಯ ಮೇಲಕ್ಕೆ ಹೋಗಬೇಕು ಅಂತ ತನ್ನ ಹರಕುಮುರುಕು ಹಿಂದಿಯಲ್ಲಿ ಹೇಳಿದ.

ಖೀಮ್ ಸಿಂಗ್ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ. “ರಾಗಿ ಕೊಯ್ಲು ನಡೆದಿದೆ. ಉಗುರಿನಷ್ಟು ಕಲೆ ನೋಡಿ ಮನೆ ಬಿಡು ಅಂದರೆ ಯಾರು ಬಿಡ್ತಾರೆ? ಮಳೆ ಕಮ್ಮಿಯಾಗಿ ಹಳ್ಳ ಇಳಿದಿರಬೇಕು.”

“ಹೋಗಿ ನೋಡೋಣ ಬನ್ನಿ.”

“ಕಾಡಿನ ದಾರಿ ಕೊಚ್ಚಿ ಹೋಗಿದೆ. ಕೊಯ್ಲು ಬಿಟ್ಟು ಯಾರೂ ಬರೋದಿಲ್ಲ.”

“ಹಾಗಾದರೆ ನಾನೇ ತಂದು ತೋರಿಸ್ತೀನಿ,” ಅಂದ ಅಡಿವೆಪ್ಪ.

ಉಳಿದಿದ್ದದ್ದು ಮೂರೇ ಹಲಗೆ. ಬಚುಲಿ ರೊಟ್ಟಿ ಕಟ್ಟಿಕೊಟ್ಟಳು, ಸೊಂಟಕ್ಕೆ ಹಗ್ಗ ಸುತ್ತಿದಳು. ಅವನು ಒಣಗಿದ ಹಳ್ಳದ ಕಲ್ಲುಗಳನ್ನೇ ದಾರಿ ಮಾಡಿಕೊಂಡು ಹತ್ತಿದ. ಮೊದಲ ದಿನ ಕಾಲು ಜಾರಿ ಬಿದ್ದ, ಒಂದು ಹಲಗೆ ಒಡೆಯಿತು. ಎರಡನೆಯ ದಿನ ಮೊಳಕಾಲು ಸೀಳಿತು, ಇನ್ನೊಂದು ಒಡೆಯಿತು. ಬಟ್ಟೆ ಹರಿದು ಮೊಳಕಾಲಿಗೆ ಕಟ್ಟಿ, ಮತ್ತೆ ಹತ್ತಿದ.

ಮೂರನೆಯ ದಿನ ಬೆಳಿಗ್ಗೆ ಮರಗಳ ನಡುವೆ ಒಂದು ಬಯಲು ಬಂತು. ತಲೆ ಎತ್ತಿದ. ಬೆಟ್ಟ ಪೂರ್ತಿ ತೆರೆದುಕೊಂಡಿತ್ತು. ಒಂದು ಚೂರು ಮೋಡವಿಲ್ಲ. ನೆತ್ತಿಯಿಂದ ಪಾದದವರೆಗೆ ಹಿಮ, ಹಿಮದ ಮೇಲೆ ಎಳೆಬಿಸಿಲು. ತಿಂಗಳುಗಟ್ಟಲೆ ಕಾದ ಮುಖ, ತಾಯಿ ಕೇಳಿದ ಮುಖ. ಚೀಲದಲ್ಲಿ ಒಂದೇ ಹಲಗೆ.

ಅವನು ಕ್ಯಾಮೆರಾ ಇಳಿಸಿದ, ಮೂರು ಕಾಲು ನಿಲ್ಲಿಸಿದ, ಕರಿ ಬಟ್ಟೆಯೊಳಗೆ ತಲೆ ಹಾಕಿದ ಅಂತಾರೆ. ಬಹಳ ಹೊತ್ತು ಹಾಗೇ ಇದ್ದ ಅಂತಾರೆ. ಆಮೇಲೆ ತಲೆ ಹೊರಗೆ ತೆಗೆದು, ಕೈಮುಗಿದು, ಕ್ಯಾಮೆರಾವನ್ನು ಹೆಗಲಿಗೇರಿಸಿ ಮೇಲಕ್ಕೆ ಹೊರಟ.

ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಕುಸಿದ ಮಣ್ಣಿನ ಹಿಂದೆ ಕೆಸರು ಕೆಸರಾದ ದೊಡ್ಡ ಕೆರೆ. ನೀರಿನ ಮೇಲೆ ದೇವದಾರುಗಳ ತುದಿ ಮಾತ್ರ ಕಾಣುತ್ತಿತ್ತು. ಮಣ್ಣಿನ ಒಡ್ಡು ಬುಡದಲ್ಲಿ ಜಿನುಗುತ್ತಿತ್ತು. ಕೊನೆಯ ಹಲಗೆಯನ್ನು ಅದಕ್ಕೆ ಕೊಟ್ಟ.

ಅದನ್ನು ಎದೆಗೆ ಕಟ್ಟಿಕೊಂಡು ಒಂದೂವರೆ ದಿನದಲ್ಲಿ ಇಳಿದ. ಬಚುಲಿ ಕಿಟಕಿಗೆಲ್ಲ ಗೋಣಿ ಬಿಗಿದು ಹಗಲಲ್ಲೇ ಕತ್ತಲೆ ಮಾಡಿಕೊಟ್ಟಳು. ಚಿತ್ರ ತೊಳೆದು, ಬಿಸಿಲಿಗೆ ಹಿಡಿದು ಕಾಗದಕ್ಕೆ ಇಳಿಸಿ, ಒದ್ದೆ ಕಾಗದವನ್ನೇ ಖೀಮ್ ಸಿಂಗನ ಕೈಗಿಟ್ಟ.

ಖೀಮ್ ಸಿಂಗ್ ನೋಡಿದ. ನೀರಿನ ಮೇಲೆ ಜೋಡಿಯಾಗಿ ನಿಂತ ಎರಡು ಮರದ ತುದಿಯ ಮೇಲೆ ಬೆರಳಿಟ್ಟ.

“ಇವು ಕಾಡಿನಲ್ಲಿ ನಾನು ದನ ಕಟ್ಟೋ ಮರ,” ಅಂದ. “ಇವುಗಳ ತುದಿ ನೋಡೋಕೆ ಪೇಟ ಬೀಳೋ ಹಾಗೆ ಕತ್ತೆತ್ತಬೇಕು.”

ಸಂಜೆಯೊಳಗೆ ಊರು ಖಾಲಿಯಾಯಿತು. ಮಕ್ಕಳು, ಮುದುಕರು, ದನ, ಕೊಯ್ದಷ್ಟು ರಾಗಿ, ಎಲ್ಲ ಬಂಡೆಯ ಮೇಲೆ. ಒಂದು ದಿನ ಏನೂ ಆಗಲಿಲ್ಲ. ಮರುದಿನವೂ ಏನೂ ಆಗಲಿಲ್ಲ. ಕೆಳಗೆ ತೆನೆ ಉದುರುತ್ತಿದೆ ಅಂತ ಗೊಣಗಾಟ ಶುರುವಾಯಿತು. ಮೂರನೆಯ ದಿನ ಹತ್ತು ಜನ ಕುಡುಗೋಲು ಹಿಡಿದು ಎದ್ದರು. ಅಡಿವೆಪ್ಪ ಇಳಿಯುವ ದಾರಿಗೆ ಕ್ಯಾಮೆರಾ ನಿಲ್ಲಿಸಿ ಅಡ್ಡ ನಿಂತ. ಬೈದರು, ಜಗ್ಗಿದರು, ಅಂಗಿ ಹರಿಯಿತು. ಅವನು ಕದಲಲಿಲ್ಲ. ಬಚುಲಿ ಬಂದು ಅವನ ಬಗಲಲ್ಲಿ ನಿಂತಳು, ಆಮೇಲೆ ಖೀಮ್ ಸಿಂಗನೂ ಬಂದು ನಿಂತ. ಹೊತ್ತು ಇಳಿಯುವ ಮುಂಚೆ ಕಾಡು ಗುಡುಗಿತು.

ನೀರು ಮರಗಳನ್ನು ನಿಲ್ಲಿಸಿಕೊಂಡೇ ತಂದಿತು ಅಂತಾರೆ. ಬೀಸುಕಲ್ಲು ಹೋಯಿತು, ಮನೆಗಳು ಹೋದವು, ಗೋಡೆಯ ಮೇಲಿನ ಚಿತ್ರಗಳೂ ಹೋದವು. ಒಂದು ಜೀವ ಹೋಗಲಿಲ್ಲ.

ಅಡಿವೆಪ್ಪ ಊರಿಗೆ ಮರಳಿದಾಗ ಅವನ ಬಳಿ ಇದ್ದದ್ದು ಆ ಕೆಸರು ನೀರಿನ ಚಿತ್ರ ಒಂದೇ. ತಾಯಿ ಮುಂದೆ ಕೂತು, ಕಂಡದ್ದನ್ನೂ ತೆಗೆಯದೆ ಬಿಟ್ಟದ್ದನ್ನೂ ಹೇಳಿದ. ನೀಲವ್ವ ಚಿತ್ರವನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

“ಎಷ್ಟು ಮಂದಿ ಉಳಿದ್ರು?”

“ನೂರಾ ನಲವತ್ತರ ಮ್ಯಾಲೆ, ಯವ್ವಾ.”

“ಹಂಗಾರ ಅವರ ಮಾರಿ ಹೆಂಗದಾವು, ಒಂದೊಂದಾಗಿ ಹೇಳು.”

ಅವನು ಬಚುಲಿಯ ಮುಖದಿಂದ ಶುರುಮಾಡಿದನಂತೆ. ಹೇಳಿ ಮುಗಿಸೋಕೆ ವಾರ ಹಿಡಿಯಿತಂತೆ.

ಈಗ ಬಿಸೋಲಿ ಇರೋದು ಬಂಡೆಯ ಮೇಲೆ. ಯಾತ್ರೆಗೆ ಹೋಗಿ ಬಂದ ನಮ್ಮೂರವರು ನೋಡಿ ಬಂದಿದ್ದಾರೆ. ಎಲ್ಲರ ಕೈಯಲ್ಲೂ ಮೊಬೈಲು ಬಂದಿದೆ, ಬೆಟ್ಟ ಕಂಡ ಕೂಡಲೇ ಎಲ್ಲರೂ ಕೈ ಎತ್ತುತ್ತಾರೆ. ಆದರೆ ಆ ಊರವರು ಹೊಸಬರ ಕೈ ಮೆಲ್ಲಗೆ ಹಿಡಿದು ಕೆಳಗೆ ತಿರುಗಿಸುತ್ತಾರಂತೆ. ಮೊದಲು ಹಳ್ಳಗಳನ್ನು ಎಣಿಸಬೇಕು, ಮೂರೂ ಹರಿಯುತ್ತಿವೆಯಾ ನೋಡಬೇಕು, ಅವುಗಳ ಫೋಟೋ ತೆಗೆಯಬೇಕು. ಬೆಟ್ಟದ ಫೋಟೋ ಆಮೇಲೆ.