ಅರಮನೆ ಬಾವಿಯ ಚಿಪ್ಪು

"ಕೇಳಿರಯ್ಯಾ ಕೇಳಿ! ಸಿರಿಗುಂದದ ಅರಸರಾದ ಮಲ್ಲಭೂಪರ ಅಪ್ಪಣೆ! ಅರಸುಮಗಳು ಮಾಕಬ್ಬೆ ಒಡ್ಡುವ ಮೂರು ಒಗಟು ಬಿಡಿಸಿದವನಿಗೆ ಅರಮನೆಯ ಅಳಿಯನ ಪಟ್ಟ. ಅದು ಬೇಡವೆಂದರೆ ಕೇಳಿದ್ದು ಕೊಡಲಾಗುವುದು. ತಪ್ಪಿದವನಿಗೆ ಕತ್ತಿ!"

ಡಂಗುರದ ಕೊನೆಯ ಮಾತು ಕಿವಿಗೆ ಬಿದ್ದದ್ದೇ ಉಪ್ಪರಿಗೆಯಲ್ಲಿದ್ದ ಮಾಕಬ್ಬೆ ಕೈಲಿದ್ದ ಚಿಪ್ಪನ್ನು ಕೆಳಗಿಟ್ಟಳು. ಒಗಟುಗಳು ಅವಳವೇ. ವರರ ಕಾಟ ತಪ್ಪಿದರೆ ತನ್ನ ಪಾಡಿಗೆ ಚಿಪ್ಪುಗಳ ನಡುವೆ ಇರಬಹುದೆಂದು ಕಟ್ಟಿದ್ದಳು. ಕತ್ತಿ ಮಾತ್ರ ಅಪ್ಪನದು.

ಚಿಕ್ಕಂದಿನಿಂದ ಅವಳಿಗೆ ಅದೇ ಗೀಳು. ಚಿಪ್ಪು ನೋಡಿ ಆ ಹುಳು ಯಾವ ನೀರಿನದು, ಅದು ಬದುಕಿದ್ದ ಕಾಲದಲ್ಲಿ ಮಳೆ ಹೇಗಿತ್ತು ಎಂದು ಹೇಳುತ್ತಿದ್ದಳು. ಅರಮನೆಗೆ ಬಾವಿ ತೋಡುವಾಗ ಆಳದಲ್ಲಿ ಉದ್ದನೆಯ ಚಿಪ್ಪುಗಳ ರಾಶಿ ಸಿಕ್ಕಿತ್ತು. ವರ್ತಕರು ತಂದ ಕಡಲ ಚಿಪ್ಪುಗಳ ಪಕ್ಕದಲ್ಲಿಟ್ಟು ನೋಡಿ, ಹಿಂದೆ ಇಲ್ಲಿ ಕಡಲಿತ್ತು ಎಂದಳು. ಕಡಲೇ ಸರಿದು ತನ್ನ ವಂಶಕ್ಕೆ ಜಾಗ ಕೊಟ್ಟಿತೆಂದು ಅರಸ ಹಿಗ್ಗಿಹೋದ. ಒಂದು ಚಿಪ್ಪನ್ನು ಕಿರೀಟದ ನಡುವೆ ಕೂರಿಸಿಕೊಂಡ.

ಮೊದಲು ಬಂದ ರಾಜಕುಮಾರ ಮೀಸೆ ತಿರುವುತ್ತಾ ನಿಂತ. ಮಾಕಬ್ಬೆ ಮೊದಲ ಒಗಟು ಒಡ್ಡಿದಳು.

"ತಾನು ಕಟ್ಟಿದ ಮನೆಯನ್ನು ತಾನೇ ಹೊತ್ತು ತಿರುಗುತ್ತದೆ. ಬರ ಬಂದರೆ ಒಳಗೆ ಸೇರಿ ಬಾಗಿಲು ಹಾಕಿಕೊಂಡು ಮಳೆಗೆ ಕಾಯುತ್ತದೆ. ಯಾವುದದು?"

"ಇಷ್ಟೇನಾ? ಆಮೆ!"

"ಆಮೆಯ ಮನೆಗೆ ಬಾಗಿಲೆಲ್ಲಿದೆ?" ಎಂದುಬಿಟ್ಟಳು ಮಾಕಬ್ಬೆ. ಅಪ್ಪ ಬೆದರಿಸಿ ಕಳಿಸುತ್ತಾನೆಂದೇ ನಂಬಿದ್ದಳು. ಭಟರು ಅವನನ್ನು ಹೊರಗೆ ಎಳೆದೊಯ್ದರು. ಕತ್ತಿಯ ಸದ್ದು ಒಳಗೂ ಕೇಳಿಸಿತು.

ಎರಡನೆಯವನು ಮೊದಲನೆಯದನ್ನು ಬಿಡಿಸಿದ.

"ಬಾಯಿಲ್ಲದಿದ್ದರೂ ಸತ್ತಮೇಲೆ ತನ್ನ ವಯಸ್ಸು ಹೇಳುತ್ತದೆ. ಉಂಡ ವರ್ಷ, ಹಸಿದ ವರ್ಷ ಎಲ್ಲವನ್ನೂ ಬೆನ್ನ ಮೇಲೆ ಬರೆದುಕೊಂಡಿರುತ್ತದೆ. ಏನು?"

"ವೀರಗಲ್ಲು," ಎಂದ ಅವನು.

ಅವಳು ಮುಖ ತಿರುಗಿಸಿಕೊಂಡಳು. ಅರಸನೇ ನಕ್ಕ. "ಕಲ್ಲಿಗೆ ಹಸಿವಾಗುತ್ತದೇನಯ್ಯಾ?" ಅವನ ತಲೆಯೂ ಉರುಳಿತು.

"ಸಾಕು ಅಪ್ಪಾಜಿ, ನಿಲ್ಲಿಸಿ," ಎಂದು ಮಾಕಬ್ಬೆ ಕಾಲು ಹಿಡಿದಳು.

"ಸಾರಿದ ಮಾತು ಮಗಳೇ. ನುಂಗಲಾಗುತ್ತದೆಯೇ?"

ಮೂರನೆಯವನಾಗಿ ಬಂದವನ ಕಾಲಲ್ಲಿ ಕೆಸರಿತ್ತು. ಕೋಟೆಯಾಚೆಯ ಗುಡಿಸಲಿನವನು, ಜೊಂಡಿನ ಚಾಪೆ ಹೆಣೆಯುವ ಮಾಚ. ಸಭೆ ಗೊಳ್ಳೆಂದಿತು.

"ಅಳಿಯನಾಗೋ ಆಸೆಯೇನೋ?" ಎಂದ ದಳವಾಯಿ.

"ಇಲ್ಲ ಬುದ್ಧಿ. ಅಮ್ಮಣ್ಣಿಯೋರಿಗೆ ಚಿಪ್ಪು ಬೇಕು ಅಂತ ಕೆರೆಗೆ ಕಾವಲು ಹಾಕವ್ರೆ. ಅಡುಗೆಗೆ ಚಿಪ್ಪಿನ ಹುಳ ಹೆಕ್ಕೋ ಹಾಗಿಲ್ಲ. ಮನೇಲಿ ಒಲೆ ಉರೀತಿಲ್ಲ."

ಮಾಕಬ್ಬೆಯ ಕೆನ್ನೆಗೆ ಹೊಡೆದಂತಾಯಿತು. ಈ ಕಾವಲಿನ ಸಂಗತಿ ಅವಳಿಗೆ ತಿಳಿದೇ ಇರಲಿಲ್ಲ. "ತಲೆ ಹೋಗುತ್ತದೆ, ಹಿಂದಿರುಗು," ಎಂದಳು.

"ಹಸಿವಿಂದ ಹೋದ್ರೂ ಹೋಗೋದು ಇದೇ ತಲೆ ತಾನೇ ತಾಯಿ? ಕೇಳಿ."

ಮೊದಲನೆಯದಕ್ಕೆ ಅವನು ಯೋಚಿಸಲೇ ಇಲ್ಲ. "ಬಸವನಹುಳು. ಬೇಸಿಗೇಲಿ ಕೆಸರೊಳಗೆ ಮುಚ್ಚಳ ಹಾಕ್ಕೊಂಡು ಮಲಗ್ತದೆ." ಎರಡನೆಯದಕ್ಕೆ ತಲೆ ಕೆರೆದುಕೊಂಡ. "ಕಪ್ಪೆಚಿಪ್ಪು. ನೀರಿದ್ದ ವರ್ಷ ಗೆರೆ ದೂರದೂರ, ಇಲ್ಲದ ವರ್ಷ ಒತ್ತೊತ್ತು."

ಸಭೆಯ ನಗು ನಿಂತಿತು. ಮಾಕಬ್ಬೆ ಬಾವಿಯ ಚಿಪ್ಪುಗಳಿದ್ದ ತಟ್ಟೆಯನ್ನು ಅವನ ಮುಂದಿಟ್ಟಳು.

"ಈ ಅರಮನೆ ನಿಂತ ನೆಲದಲ್ಲಿ ನಮಗಿಂತ ಮೊದಲು ಯಾರಿದ್ದರು? ಇವು ಅವರು ಬಿಟ್ಟುಹೋದ ಗುರುತು."

ಕಡಲು ಎನ್ನು, ಕಡಲು ಎನ್ನು ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಮಾಚ ಒಂದನ್ನೆತ್ತಿ ತಿರುಗಿಸಿದ. ಇನ್ನೊಂದನ್ನೂ ನೋಡಿದ. ಅವನ ಮುಖದಲ್ಲಿ ನಗು ಮೂಡಿತು.

"ಇದು ಎಂಜಲು, ತಾಯಿ."

ಎಲ್ಲರ ಕಣ್ಣೂ ಅರಸನ ಕಿರೀಟಕ್ಕೆ ಹೋಯಿತು. ದಳವಾಯಿ ಕತ್ತಿ ಹಿರಿದ.

"ತಡೆಯಿರಿ," ಎಂದಳು ಮಾಕಬ್ಬೆ. "ಏನಂದೆ?"

"ಮೊನೆ ನೋಡಿ. ಕಲ್ಲಿಂದ ಮುರಿದು, ಮಾಂಸ ಹೀರಿ ಎಸೆದಿರೋದು. ನಮ್ಮವ್ವನೂ ಹಿಂಗೇ ಮುರಿಯೋದು. ಇವು ಕೆರೆ ಹುಳಗಳೇ. ಜೊಂಡಿನ ಬೇರಲ್ಲಿ ಇರ್ತವೆ. ಕೆಸರಿಗೆ ಇಳಿದೋರಿಗೇ ಕಾಣೋದು. ಇಲ್ಲಿದ್ದೋರು ಮನುಷ್ಯರು. ನಮ್ಮಂಗೆ ಹುಳ ತಿನ್ನೋರು."

ಮಾಕಬ್ಬೆ ತಟ್ಟೆಯಲ್ಲಿದ್ದುದನ್ನೆಲ್ಲ ನೆಲಕ್ಕೆ ಸುರಿದಳು. ಅಲೆಗೆ ಸಿಕ್ಕಿ ಸವೆದ ಮೊನೆಯೆಂದು ಇಷ್ಟು ವರ್ಷ ನಂಬಿದ್ದಳು. ಅಲೆ ಹೀಗೆ ಒಂದೇ ಅಳತೆಗೆ ಮುರಿಯುತ್ತದೆಯೇ? ಇಷ್ಟೂ ಚಿಪ್ಪುಗಳನ್ನು ಕೈಯಲ್ಲಿ ಹಿಡಿದಿದ್ದರೂ ಇದನ್ನು ಕಂಡಿರಲಿಲ್ಲ. ಅವಳ ಕಡಲು ಯಾರದೋ ಹಿತ್ತಲ ತಿಪ್ಪೆಯಾಗಿತ್ತು.

"ಉತ್ತರ ಕಡಲು!" ಅರಸ ಗುಡುಗಿದ. "ನೀನೇ ಹೇಳಿದ್ದೆ ಮಗಳೇ. ಇವನು ತಪ್ಪಿದ. ಎಳೆದೊಯ್ಯಿರಿ!"

ಅವಳು ಮಾಚನಿಗೂ ಕತ್ತಿಗೂ ನಡುವೆ ಬಂದು ನಿಂತಳು.

"ಒಗಟು ಕಟ್ಟಿದವಳು ನಾನು. ಸರಿಯೋ ತಪ್ಪೋ ಹೇಳಬೇಕಾದವಳೂ ನಾನೇ. ತಪ್ಪಿದ್ದು ನನ್ನ ಉತ್ತರ ಅಪ್ಪಾಜಿ. ಇವನದು ಸರಿ. ಕತ್ತಿ ಯಾರ ಮೇಲೆ ಬೀಳಬೇಕೋ ನೀವೇ ಹೇಳಿ."

ಅರಸ ಕಿರೀಟ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅದನ್ನು ಮತ್ತೆ ಹೇಗೆ ತೊಡಬೇಕೆಂದು ಅವನಿಗೆ ತೋಚಲಿಲ್ಲ.

"ಏನು ಬೇಕು ಕೇಳು," ಎಂದ ಸಣ್ಣ ದನಿಯಲ್ಲಿ.

"ಅಮ್ಮಣ್ಣಿಯೋರನ್ನ ಕಟ್ಕೊಂಡು ಏನ್ಮಾಡ್ಲಿ ಬುದ್ಧಿ? ಗುಡಿಸಲಲ್ಲಿ ನನಗೇ ಕಾಲು ಚಾಚೋಕೆ ಜಾಗ ಇಲ್ಲ. ಕೆರೆ ಬಿಟ್ಟುಕೊಡಿ."

ಅಂದೇ ಕಾವಲು ತೆಗೆಸಿದರು. ಕೆರೆ ಕೋಟೆಯಾಚೆಯವರ ಪಾಲಿಗೆ ಬಂತು. ಮಾಕಬ್ಬೆ ಹೆಬ್ಬಾಗಿಲವರೆಗೂ ಮಾಚನ ಹಿಂದೆ ಬಂದಳು. ಅವಳಿಗೆ ಇನ್ನೂ ಒಂದು ಕೇಳುವುದಿತ್ತು.

"ಈ ನೆಲದಲ್ಲಿ ಇದ್ದವರು ಕೊನೆಗೆ ಎತ್ತ ಹೋದರು?"

ಮಾಚ ಅವಳನ್ನೇ ನೋಡಿದ.

"ಎತ್ತ ಹೋದಾರು ತಾಯಿ? ಕೋಟೆ ಕಟ್ಟುವಾಗ ಆಚೆ ನಿಂತ್ಕೊಳ್ಳಿ ಅಂದ್ರಂತೆ. ಅಲ್ಲೇ ನಿಂತಿದೀವಿ."